ಬೀಗದ ನಾಲಗೆಯ ಕಪ್ಪು ಗೆರೆ

"ನಿಲ್ಸಪ್ಪಾ! ಏಯ್, ನಿಲ್ಸು!"

ಕಬ್ಬಿಣದ ಬಾಗಿಲು ಕ್ರೇನಿನ ಕೊಕ್ಕೆಯಲ್ಲಿ ನೇತಾಡುತ್ತಾ ಒಂದು ಸುತ್ತು ತಿರುಗಿ, ಗುಜರಿ ಒತ್ತುವ ಯಂತ್ರದ ತೆರೆದ ಬಾಯಿಯ ಮೇಲೆ ಬಂತು. ಕ್ರೇನಿನವನ ಕಿವಿಯಲ್ಲಿ ಹಾಡು. ಲೋಕದಲ್ಲಿ ಪೊಲೀಸರು ಇದ್ದಾರೆಂಬುದೇ ಅವನಿಗೆ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಇನ್‌ಸ್ಪೆಕ್ಟರ್ ಟೋಪಿ ಕಿತ್ತು ಬೀಸಿ ಎಸೆದಳು. ಅದು ಕ್ರೇನಿನ ಗಾಜಿಗೆ ಪಟ್ಟೆಂದು ಬಡಿಯಿತು. ಅವನು ಬೆಚ್ಚಿ ಕೆಳಗೆ ನೋಡಿದರೆ, ಸಮವಸ್ತ್ರದ ಹೆಂಗಸೊಬ್ಬಳು ಯಂತ್ರದ ಅಂಚಿನ ಮೇಲೇ ಹತ್ತಿ ನಿಂತು ಎರಡೂ ಕೈ ಅಡ್ಡ ಹಿಡಿದಿದ್ದಾಳೆ.

ಬಾಗಿಲು ಗಾಳಿಯಲ್ಲೇ ನಿಂತಿತು.

"ಇಳಿಸು. ಮೆಲ್ಲಗೆ ಮಾರಾಯ, ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ," ಎಂದ ಹಿಂದಿನಿಂದ ಓಡಿಬಂದ ಹೆಡ್ ಕಾನ್‌ಸ್ಟೇಬಲ್, ಏದುಸಿರು ಬಿಡುತ್ತಾ. ಠಾಣೆಯಲ್ಲಿ ಅವನು ಎಲ್ಲರಿಗೂ ದೊಡ್ಡಪ್ಪ. ನಿವೃತ್ತಿಯ ಬಾಗಿಲಲ್ಲಿದ್ದ ಮನುಷ್ಯ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಇನ್‌ಸ್ಪೆಕ್ಟರಿಗೂ ಬೆನ್ನ ಹಿಂದೆ ಒಂದು ಹೆಸರಿತ್ತು: ಗರಗಸ. ಒಮ್ಮೆ ಹಲ್ಲು ಊರಿದರೆ ಅರ್ಧಕ್ಕೆ ನಿಲ್ಲಿಸುವವಳಲ್ಲ ಎಂದು.

ಗಾದಿ ಕಾರ್ಖಾನೆಯ ಬೆಂಕಿಯಲ್ಲಿ ಮೂವರು ಹೊಲಿಗೆಯ ಹೆಂಗಸರು ಸತ್ತದ್ದು ಇದೇ ಬಾಗಿಲ ಹಿಂದೆ. ಹಿಂಬಾಗಿಲಿಗೆ ಬೀಗ ಬಿದ್ದಿತ್ತು ಎಂದು ಬದುಕುಳಿದವರು. ತೆರೆದೇ ಇತ್ತು ಎಂದು ಯಜಮಾನ. ಬರೀ ಬಾಯಿಮಾತು ಸಾಲದು ಎಂದಿದ್ದರು ನ್ಯಾಯಾಧೀಶರು. ಇವತ್ತು ಕೋರ್ಟು ಏಳುವುದರೊಳಗೆ ಆ ಬಾಗಿಲು ಎದುರಿಗೆ ಬರಬೇಕು. ಬಾರದಿದ್ದರೆ ಯಜಮಾನ ಮನೆಗೆ, ಕಟ್ಟಡ ಅವನ ಕೈಗೆ. ಕಟ್ಟಡ ಕೆಡವುವ ಯಂತ್ರ ಆಗಲೇ ಕಾರ್ಖಾನೆಯ ಗೇಟಿನಲ್ಲಿ ಬಂದು ನಿಂತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಪೆದ್ದು ಆದೇಶ. 'ಕಟ್ಟಡಕ್ಕೆ ಸೀಲು ಹಾಕತಕ್ಕದ್ದು' ಎಂದು ಮೇಲಿನ ಕಚೇರಿ ಬರೆದು ಕಳಿಸಿತ್ತು. ಪೊಲೀಸರು ಕಟ್ಟಡಕ್ಕೆ ಸೀಲು ಹಾಕಿದರು. ಬಾಗಿಲು ಕಟ್ಟಡದಲ್ಲಿರಲಿಲ್ಲ. ಅಗ್ನಿಶಾಮಕದವರು ಅದನ್ನು ತಿರುಗಣಿಯ ಕಡೆಯಿಂದ ಹಗ್ಗ ಕಟ್ಟಿ ಎಳೆದು, ಚೌಕಟ್ಟಿನಿಂದ ಕಿತ್ತು, ಅಂಗಳಕ್ಕೆ ಎಸೆದಿದ್ದರು. ಅಂಗಳ ಕಟ್ಟಡವಲ್ಲವಲ್ಲ! ಅಂಗಳದ ಕಸದ ಜೊತೆ ಬಾಗಿಲೂ ಲಾರಿ ಹತ್ತಿತು.

ಬಾಗಿಲು ನೆಲ ಮುಟ್ಟಿತು. ಇನ್‌ಸ್ಪೆಕ್ಟರ್ ಮಂಡಿಯೂರಿ ಅದರ ಅಂಚು ಸವರುತ್ತಾ ಹೋದಳು. ಕೈ ಒಂದು ಕಡೆ ಜಾರಿ ಆಚೆ ಬಂತು.

ಬೀಗ ಇರಬೇಕಾದ ಜಾಗದಲ್ಲಿ ಒಂದು ಅಂಗೈ ಅಗಲದ ತೂತು.

"ದೊಡ್ಡಪ್ಪಾ," ಎಂದಳು. "ಬೀಗ ಎಲ್ಲಿ?"

"ಕೂಗಾಡ್ಬೇಡಿ, ಬಂದೆ," ಎನ್ನುತ್ತಾ ಗುಜರಿ ಅಂಗಡಿಯ ಒಡತಿ ಬಂದಳು. ಸೊಂಟಕ್ಕೆ ಚರ್ಮದ ಪಟ್ಟಿ, ಬಾಯಲ್ಲಿ ಲವಂಗ. "ನಮ್ಮಲ್ಲಿ ಹಾಗೇ ಕಣಮ್ಮ. ಕಬ್ಬಿಣದ ಜೊತೆ ಹಿತ್ತಾಳೆ ಒತ್ತಿದ್ರೆ ಎರಡೂ ಹಾಳು. ಬಾಗಿಲು ಬಂದ ತಕ್ಷಣ ಬೀಗದ ಸುತ್ತ ಗ್ಯಾಸಲ್ಲಿ ಕೊಯ್ದು ಆ ಕಡೆ ಎಸೀತೀವಿ. ಆಮೇಲೆ ಪುರುಸೊತ್ತಾದಾಗ ಬಡಿದು ಬಿಡಿಸ್ತೀವಿ."

"ಆ ಕಡೆ ಅಂದ್ರೆ?"

ಅವಳು ಗದ್ದದಿಂದಲೇ ತೋರಿಸಿದಳು. ಗೋಡೆಯ ಪಕ್ಕ ಹಿತ್ತಾಳೆಯ ಗುಡ್ಡೆ. ನಲ್ಲಿಗಳು, ಹಿಡಿಕೆಗಳು, ಗಂಟೆಗಳು, ಮತ್ತೆ ಬೀಗಗಳು, ಬೀಗಗಳು, ಬೀಗಗಳು.

"ಇಷ್ಟೊಂದು ಬೀಗ!" ದೊಡ್ಡಪ್ಪ ಹಣೆ ಚಚ್ಚಿಕೊಂಡ. "ಈ ಊರಲ್ಲಿ ನಂಬಿಕೆ ಅನ್ನೋದೇ ಇಲ್ವಾ?"

"ನಿಮ್ಮನ್ನ ನಂಬಿದ್ರೆ ಯಾರು ಬೀಗ ಹಾಕ್ತಿದ್ರು ಯಜಮಾನ್ರೇ," ಎಂದಳು ಒಡತಿ, ಲವಂಗ ಆ ದವಡೆಯಿಂದ ಈ ದವಡೆಗೆ ಸರಿಸುತ್ತಾ.

ಇನ್‌ಸ್ಪೆಕ್ಟರ್ ಆಗಲೇ ತೋಳು ಮಡಚಿ ಗುಡ್ಡೆಗೆ ಕೈ ಹಾಕಿದ್ದಳು. ಮಸಿ ಹಿಡಿದ ಬೀಗಗಳನ್ನೆಲ್ಲ ಒಂದೊಂದೇ ಎಳೆದು ತಂದು ಬಾಗಿಲಿನ ತೂತಿಗೆ ಹಿಡಿದು ನೋಡಿದಳು. ಒಂದು ದೊಡ್ಡದಾಯಿತು. ಇನ್ನೊಂದರ ಸುತ್ತ ಉಳಿದಿದ್ದ ಕಬ್ಬಿಣದ ಪಟ್ಟಿ ದಪ್ಪವಾಯಿತು. ಮತ್ತೊಂದನ್ನು ದೊಡ್ಡಪ್ಪ ಸಿಟ್ಟಿನಿಂದ ತುರುಕಲು ಹೋಗಿ ಅವಳಿಂದ ಬೈಸಿಕೊಂಡ.

ಆಮೇಲೆ ಒಂದು ಬೀಗ ತೂತಿಗೆ ಹಿಡಿದದ್ದೇ ತಡ, ತಾನಾಗಿ ಒಳಗೆ ಕೂತಿತು.

ಕೊಯ್ದವನ ಕೈ ನಡುಗಿರಬೇಕು. ಗ್ಯಾಸಿನ ಉರಿ ತೂತಿನ ಒಂದು ಮೂಲೆಯಲ್ಲಿ ಸೊಟ್ಟಗೆ ತಿರುಗಿ ಕೊಕ್ಕಿನಂಥ ಚೂಪು ಬಿಟ್ಟಿತ್ತು. ಬೀಗದ ಸುತ್ತಲಿನ ಪಟ್ಟಿಯಲ್ಲೂ ಅದೇ ಮೂಲೆಯಲ್ಲಿ ಅಂಥದೇ ಗಾಯ. ಕೊಕ್ಕು ಗಾಯದೊಳಗೆ ಕೂದಲೆಳೆ ಜಾಗ ಬಿಡದೆ ಸೇರಿಕೊಂಡಿತ್ತು.

"ಅಕ್ಕಾ, ನಿಮ್ಮ ಹುಡುಗರು ನೆಟ್ಟಗೆ ಕೊಯ್ದಿದ್ರೆ ನಾನು ಇವತ್ತು ಕೆಟ್ಟೆ ಅಂತ ಲೆಕ್ಕ," ಎಂದಳು ಇನ್‌ಸ್ಪೆಕ್ಟರ್.

"ಹಾಗಾದ್ರೆ ಅವನಿಗೆ ಬೈಯೋದು ಬಿಡ್ತೀನಿ ಬಿಡಮ್ಮ."

ಆದರೆ ಇನ್‌ಸ್ಪೆಕ್ಟರ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಬೀಗದ ನಾಲಗೆಯನ್ನು ನೋಡುತ್ತಿದ್ದಳು. ಕೀಲಿಕೈ ತಿರುಗಿಸಿದಾಗ ಹೊರಬಂದು ಚೌಕಟ್ಟಿನೊಳಗೆ ಹೋಗಿ ಕೂರುವ ಹಿತ್ತಾಳೆಯ ದಪ್ಪ ಪಟ್ಟಿ ಅದು. ನಾಲಗೆ ಹೊರಚಾಚಿದಂತೆಯೇ ಬಿಗಿದುಕೊಂಡಿತ್ತು. ಅದರ ಬುಡದಲ್ಲಿ, ಬೀಗದ ಮೈಗೆ ತಾಗಿದಂತೆ, ಒಂದೇ ಒಂದು ಕಪ್ಪು ಗೆರೆ. ಅಲ್ಲಿಂದ ತುದಿಯವರೆಗೆ ನಾಲಗೆ ಹಳದಿಗೆ ಹಳದಿಯಾಗಿ ಹೊಳೆಯುತ್ತಿತ್ತು.

ಅವಳು ಸಣ್ಣಗೆ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು.

"ಲಾರಿ ತರಿಸಿ ದೊಡ್ಡಪ್ಪ. ಬಾಗಿಲನ್ನ ಕೋರ್ಟಿಗೆ ಕರ್ಕೊಂಡು ಹೋಗೋಣ."

*

ಕೋರ್ಟಿನ ಮುದ್ದೆಮಾಲು ಕೋಣೆಯ ಗುಮಾಸ್ತ, ಅಂದರೆ ಸಾಕ್ಷ್ಯದ ವಸ್ತುಗಳನ್ನು ಪಡೆದು ಚೀಟಿ ಕಟ್ಟಿ ಇಡುವವನು, ಲಾರಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

"ಇದು ಆಗಲ್ಲ ಮೇಡಂ."

"ಯಾಕೆ ಆಗಲ್ಲ?"

"ಹಾಜರುಪಡಿಸೋದು ಅಂದ್ರೆ ಹಾಲ್ ಒಳಗೆ, ಮೇಜಿನ ಮೇಲೆ. ನಿಮ್ಮ ಬಾಗಿಲು ನಮ್ಮ ಬಾಗಿಲಲ್ಲಿ ಹಿಡಿಯಲ್ಲ."

"ಓರೆ ಮಾಡಿ ಹಿಡಿದ್ರೆ?"

"ಓರೆ ಮಾಡಿದ್ರೆ ಮೆಟ್ಟಿಲ ತಿರುವಲ್ಲಿ ಸಿಕ್ಕಿಕೊಳ್ಳುತ್ತೆ. ಹಿಂದೆ ಒಂದು ಬೀರು ಸಿಕ್ಕಿಕೊಂಡಿತ್ತು. ತೀರ್ಪು ಬಂದ್ರೂ ಬೀರು ಬರ್ಲಿಲ್ಲ."

ಒಳಗೆ ಕುರ್ಚಿಗಳು ಸರಿಯುವ ಸದ್ದಾಯಿತು. ಕೊನೆಯ ಪ್ರಕರಣದ ವಕೀಲರು ಕಡತ ಮಡಚುತ್ತಾ ಹೊರಬರುತ್ತಿದ್ದರು. ಇನ್‌ಸ್ಪೆಕ್ಟರ್ ಎರಡೆರಡು ಮೆಟ್ಟಿಲು ಹಾರಿ ಕೋರ್ಟ್ ಹಾಲ್ ಒಳಗೆ ನುಗ್ಗಿದಳು. ಮೈಯೆಲ್ಲ ಮಸಿ, ತಲೆಯ ಮೇಲೆ ಟೋಪಿಯಿಲ್ಲ.

ಎಳೆಯ ವಯಸ್ಸಿಗೇ ತಲೆ ನರೆತಿದ್ದ ನ್ಯಾಯಾಧೀಶೆ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು.

"ಸ್ವಾಮಿ, ಬಾಗಿಲು ಬಂದಿದೆ. ಒಳಗೆ ಬರ್ತಿಲ್ಲ, ಅಷ್ಟೇ."

ಯಜಮಾನನ ಪರ ವಕೀಲ ಕುರ್ಚಿಯಿಂದ ಚಿಮ್ಮಿದ. ತೆಳ್ಳಗೆ, ಎತ್ತರ, ಮಾತಾಡುವಾಗ ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. "ಸ್ವಾಮಿ, ಆದೇಶ ಸ್ಪಷ್ಟವಾಗಿದೆ. ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕು ಅಂತ. ಬೀದಿಯಲ್ಲಿ ಲಾರಿ ನಿಲ್ಲಿಸಿದ್ರೆ ಅದು ಹಾಜರಾತಿ ಅಲ್ಲ. ಕೋರ್ಟಿನ ವೇಳೆನೂ ಮುಗೀತಾ ಬಂತು."

ನ್ಯಾಯಾಧೀಶೆ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

"ನಾನು ಎದ್ದು ಹೋದ್ರೆ ತಾನೇ ಕೋರ್ಟು ಮುಗಿಯೋದು? ನಾನು ಎದ್ದು ಅಂಗಳಕ್ಕೆ ಹೋಗ್ತಿದ್ದೀನಿ. ಅಲ್ಲೂ ಕೂತ್ಕೋತೀನಿ. ನಾನು ಕೂತ ಜಾಗಾನೇ ನ್ಯಾಯಾಲಯ. ಯಾರಾದ್ರೂ ಒಂದು ಕುರ್ಚಿ ತನ್ನಿ."

ಗುಮಾಸ್ತನೇ ಕುರ್ಚಿ ಹೊತ್ತು ಮುಂದೆ ಓಡಿದ.

*

ಅಂಗಳದಲ್ಲಿ ಜನ ಜಮಾಯಿಸಿತು. ಬಾಗಿಲನ್ನು ಲಾರಿಯ ಬದಿಗೆ ಒರಗಿಸಿ ನಿಲ್ಲಿಸಿದರು. ಆರೋಪಿಯನ್ನೂ ಕರೆತಂದರು: ಅಗಲ ಮೈಯ ಮುದುಕ, ಇಸ್ತ್ರಿ ಕೆಡದ ಅಂಗಿ. ಗಾದಿ ಯಜಮಾನ ಎಂದರೆ ಊರಿಗೆಲ್ಲ ಗೊತ್ತು. ಇಷ್ಟು ದಿನ ಕಟಕಟೆಯಲ್ಲೂ ಗತ್ತು ಬಿಟ್ಟವನಲ್ಲ. ಅವನ ಅಳಿಯ ಪಕ್ಕದಲ್ಲೇ ನಿಂತು ಮಾವನಿಗೆ ನೀರಿನ ಬಾಟಲಿಯ ಮುಚ್ಚಳ ತೆರೆದು ಕೊಡುತ್ತಿದ್ದ. ಮೆದು ಮಾತಿನ, ನುಣ್ಣಗೆ ಬಾಚಿದ ತಲೆಯ ಯುವಕ. ಮಾವ ಜೈಲಿಗೆ ಹೋದಾಗಿನಿಂದ ಕಾರ್ಖಾನೆಯ ವ್ಯವಹಾರವೆಲ್ಲ ಅವನದೇ.

"ಮೊದಲನೇ ಪ್ರಶ್ನೆ," ಎಂದ ವಕೀಲ. "ಇದು ನಮ್ಮ ಕಾರ್ಖಾನೆ ಬಾಗಿಲೇ ಅಂತ ಹೇಗೆ ಹೇಳ್ತೀರಿ? ಕಬ್ಬಿಣದ ಬಾಗಿಲು ಊರಿಗೊಂದಾ?"

ಇನ್‌ಸ್ಪೆಕ್ಟರ್ ಗುಂಪಿನೊಳಗೆ ಕೈ ಚಾಚಿ ಒಬ್ಬಳನ್ನು ಮುಂದೆ ಕರೆದಳು. ಬೆಂಕಿಯಿಂದ ಬದುಕಿ ಬಂದ ಹೊಲಿಗೆಯವಳು. ಅವಳ ತಂಗಿ ಬದುಕಿ ಬರಲಿಲ್ಲ.

"ಹೇಳಿ ಅಕ್ಕ. ಹೆದರ್ಬೇಡಿ."

"ನಾವು ಗಾದಿ ಅಂಚು ಹೊಲಿಯೋದು ದಬ್ಬಳದಲ್ಲಿ," ಎಂದಳು ಅವಳು, ಯಾರ ಮುಖವನ್ನೂ ನೋಡದೆ. "ದಬ್ಬಳ ಗಾದಿ ಒಳಗೆ ಉಳಿದುಬಿಟ್ರೆ ಮಲಗಿದವರ ಗತಿ ಏನು? ಅದಕ್ಕೇ ಕೈ ಬಿಡುವಾದಾಗೆಲ್ಲ ದಬ್ಬಳ ಆಯಸ್ಕಾಂತಕ್ಕೆ ಅಂಟಿಸಬೇಕು. ಕೆಳಗಿಟ್ರೆ ಬೈಗುಳ. ಆಯಸ್ಕಾಂತ ಹಿಡಿಯೋ ಕಬ್ಬಿಣ ಅಂದ್ರೆ ಹಿಂಬಾಗಿಲು ಒಂದೇ. ಒಬ್ಬೊಬ್ಬರದು ಒಂದೊಂದು ಜಾಗ."

ಅವಳು ಬಾಗಿಲಿನ ಒಳಮೈಗೆ ಹೋದಳು. ಮಸಿಯ ನಡುವೆ, ಎದೆಯೆತ್ತರದಲ್ಲಿ, ಸಾಲಾಗಿ ತಿಳಿ ಗುರುತುಗಳು. ಆಯಸ್ಕಾಂತಗಳು ಅಂಟಿಕೊಂಡಿದ್ದ ಕಡೆ ಹೊಗೆ ಕೂರಲು ಜಾಗ ಸಿಕ್ಕಿರಲಿಲ್ಲ. ಒಂದು ಕುದುರೆಲಾಳದ ಆಕಾರ, ಒಂದು ಪಟ್ಟಿ, ಒಂದು ಚೌಕ.

"ಈ ಲಾಳ ನಂದು. ಈ ಪಟ್ಟಿ ಮೇಸ್ತ್ರಿ ಅಕ್ಕಂದು, ಅಲ್ಲಿ ನಿಂತಿದ್ದಾಳೆ, ಕೇಳಿ." ಬೆರಳು ಸರಿಯುತ್ತಾ ಸಾಲಿನ ಕೊನೆಗೆ ಬಂದು ನಿಂತಿತು. ಅಲ್ಲಿ ಬಳೆಯಂತೆ ದುಂಡನೆಯ ಗುರುತು, ನಡುವೆ ಕಪ್ಪು ಚುಕ್ಕೆ. "ಇದು ನನ್ನ ತಂಗಿ ಚಿಕ್ಕಿದು. ಹಳೇ ರೇಡಿಯೋ ಬಿಚ್ಚಿ ತೆಗೆದ ಆಯಸ್ಕಾಂತ. ಎಲ್ಲರಿಗಿಂತ ನಂದೇ ಚೆಂದ ಅಂತ ಮೆರೀತಿದ್ಲು."

ನ್ಯಾಯಾಧೀಶೆ ಎದ್ದು ಬಂದು ಆ ಗುರುತನ್ನು ಹತ್ತಿರದಿಂದ ನೋಡಿದರು.

"ಬಾಗಿಲು ಯಾವುದು ಅನ್ನೋದು ಇತ್ಯರ್ಥ ಆಯ್ತು. ಮುಂದೆ?"

ವಕೀಲ ಸೋತವನಂತೆ ಕಾಣಲಿಲ್ಲ. "ಬೀಗ ಬೇರೆ, ಬಾಗಿಲು ಬೇರೆ ಇದೆ ಸ್ವಾಮಿ. ಯಾವುದೋ ಗುಜರಿ ಬೀಗ ತಂದು..."

ಅವನ ಮಾತು ಮುಗಿಯುವ ಮೊದಲೇ ಇನ್‌ಸ್ಪೆಕ್ಟರ್ ಬೀಗವನ್ನು ತೂತಿಗೆ ಒತ್ತಿದಳು. ಕೊಕ್ಕು ಗಾಯಕ್ಕೆ ಸೇರಿತು. ಅವಳು ಕೈ ಬಿಟ್ಟು ಹಿಂದೆ ಸರಿದಳು. ಬೀಗ ಬೀಳಲಿಲ್ಲ.

ದೊಡ್ಡಪ್ಪ ಗುಮಾಸ್ತನ ಪಕ್ಕೆಗೆ ಮೊಣಕೈಯಿಂದ ತಿವಿದ. "ನೋಡ್ದೆಯಾ? ನಮ್ಮ ಹುಡುಗಿ."

"ಈಗ ನಾಲಗೆ ನೋಡಿ ಸ್ವಾಮಿ," ಎಂದಳು ಇನ್‌ಸ್ಪೆಕ್ಟರ್. ಅವಳ ದನಿಯಲ್ಲಿ ಅವಸರವಿರಲಿಲ್ಲ. ಈ ಗಳಿಗೆಯನ್ನು ಅವಳು ಓಡಿಸಲು ಬಯಸಲಿಲ್ಲ. "ಯಜಮಾನರು ಹೇಳಿದ ಹಾಗೆ ಬೆಂಕಿ ಹೊತ್ತಾಗ ಬೀಗ ಹಾಕಿರಲಿಲ್ಲ ಅಂದ್ಕೊಳ್ಳಿ. ಆಗ ನಾಲಗೆ ಬೀಗದ ಹೊಟ್ಟೆಯೊಳಗೇ ಇರ್ತಿತ್ತು, ಅದಕ್ಕೆ ಮಸಿ ಸೋಕ್ತಾನೇ ಇರ್ಲಿಲ್ಲ. ನಾಲಗೆ ಹೊರಗಿದ್ದು ಬಾಗಿಲು ತೆರೆದಿತ್ತು ಅಂದ್ರೆ ಇಡೀ ನಾಲಗೆ ಕಪ್ಪಾಗ್ಬೇಕಿತ್ತು."

"ಇಲ್ಲಿ ಒಂದು ಗೆರೆ ಮಾತ್ರ ಕಪ್ಪಗಿದೆ," ಎಂದರು ನ್ಯಾಯಾಧೀಶೆ.

"ಬಾಗಿಲಿಗೂ ಚೌಕಟ್ಟಿಗೂ ನಡುವೆ ಇದ್ದ ಸಂದು ಅಷ್ಟೇ ಅಗಲ. ಹೊಗೆ ಅಲ್ಲಿಂದ ತೂರಿ ನಾಲಗೆಯ ಅಷ್ಟೇ ಜಾಗ ಕಪ್ಪು ಮಾಡಿದೆ. ಉಳಿದದ್ದು ಚೌಕಟ್ಟಿನೊಳಗೆ ಭದ್ರವಾಗಿತ್ತು. ಬಾಗಿಲು ಮುಚ್ಚಿತ್ತು ಸ್ವಾಮಿ. ಬೀಗ ಬಿದ್ದಿತ್ತು. ಚೌಕಟ್ಟು ಈಗಲೂ ಸೀಲಾದ ಕಟ್ಟಡದಲ್ಲೇ ಇದೆ. ಕಟ್ಟಡ ನಿಂತ್ರೆ ಯಾರು ಬೇಕಾದ್ರೂ ಹೋಗಿ ಅಳತೆ ನೋಡ್ಬಹುದು."

ಗುಂಪಿನಲ್ಲಿ ಒಂದು ನಿಟ್ಟುಸಿರು ಅಲೆಯಂತೆ ಎದ್ದಿತು. ಯಜಮಾನ ಬಾಟಲಿಯನ್ನು ಬಾಯಿಗೆ ಎತ್ತಿದವನು ಕುಡಿಯಲು ಮರೆತ.

ವಕೀಲ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. "ಸರಿ, ಬೀಗ ಬಿದ್ದಿತ್ತು. ಹಾಕಿದ್ದು ಯಾರು? ಎರಡೂ ಕಡೆ ಕೀಲಿಕಂಡಿ ಇದೆ. ಕೆಲಸ ಕದ್ದು ಹರಟೋಕೆ ಅಂತ ಒಳಗಿನವರೇ ಹಾಕ್ಕೊಂಡಿರಬಹುದಲ್ಲ?"

"ಥೂ ನಿಮ್ಮ!" ಎಂದು ಯಾರೋ ಹೆಂಗಸು ಕೂಗಿದಳು.

ನ್ಯಾಯಾಧೀಶೆ ಕೈಯೆತ್ತಿ ಸುಮ್ಮನಾಗಿಸಿದರು. "ಪ್ರಶ್ನೆ ಕೆಟ್ಟದಾಗಿದೆ. ಆದ್ರೆ ಪ್ರಶ್ನೆಯೇ. ಉತ್ತರ ಇದೆಯಾ ಇನ್‌ಸ್ಪೆಕ್ಟರ್?"

ಗುಜರಿ ಅಂಗಳದಿಂದ ಇಲ್ಲಿಯವರೆಗೆ ಅವಳು ನಾಲಗೆಯೊಂದನ್ನೇ ನೋಡಿದ್ದಳು. ಬಾಗಿಲಿನ ಹೊರಮೈಗೆ ನಡೆದಳು. ಒಳಗಿನ ಕೀಲಿಕಂಡಿ ಖಾಲಿಯಾಗಿದ್ದದ್ದು ಕಂಡಿತ್ತು. ಹೊರಗಿನ ಕಂಡಿಯ ಮೇಲೆ ಮಣ್ಣು ಮೆತ್ತಿಕೊಂಡಿತ್ತು. ದೊಡ್ಡಪ್ಪನ ಟಾರ್ಚು ಇಸಕೊಂಡು, ಉಫ್ ಎಂದು ಊದಿದಳು.

ಮಣ್ಣು ಹಾರಿತು. ಕಂಡಿ ತೆರೆಯಲಿಲ್ಲ. ಅದರ ತುಂಬ ಏನೋ ಲೋಹ.

ಅವಳು ಮುಖವನ್ನು ಇನ್ನೂ ಹತ್ತಿರ ಒಯ್ದಳು. ಆಮೇಲೆ ಮೆಲ್ಲಗೆ ಸರಿದು ಟಾರ್ಚನ್ನು ನ್ಯಾಯಾಧೀಶೆಯ ಕೈಗೆ ಕೊಟ್ಟಳು.

"ನೀವೇ ನೋಡಿ ಸ್ವಾಮಿ. ನಾನು ಮುಟ್ಟಲ್ಲ."

ನ್ಯಾಯಾಧೀಶೆ ಬಗ್ಗಿ ನೋಡಿದರು. "ಕೀಲಿಕೈ ಮುರಿದು ಒಳಗೇ ಉಳಿದಿದೆ," ಎಂದರು, ಪ್ರತಿ ಮಾತನ್ನೂ ಬರೆಯುವ ಗುಮಾಸ್ತನಿಗೆ ಕೇಳುವಂತೆ. "ಹೊರಗಿನ ಕಂಡಿಯಲ್ಲಿ. ಬರ್ಕೊಳ್ಳಿ. ಹೊರಗಿನಿಂದ."

ಆಗ ಎದ್ದ ಗದ್ದಲವನ್ನು ಅಡಗಿಸಲು ದೊಡ್ಡಪ್ಪ ಕೂಡ ಹೋಗಲಿಲ್ಲ. ಅವನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಹೊಲಿಗೆಯವಳು ಬಾಗಿಲಿನ ದುಂಡು ಗುರುತಿಗೆ ಅಂಗೈ ಒತ್ತಿ ನಿಂತಿದ್ದಳು. ಗುಮಾಸ್ತ ಚೀಟಿ ಬರೆದು, ತನ್ನ ಕೈಯಾರೆ ದಾರ ಪೋಣಿಸಿ ಬಾಗಿಲಿಗೆ ಕಟ್ಟಿದ. ಇನ್‌ಸ್ಪೆಕ್ಟರಿಗೆ ಆ ಚೀಟಿಗಿಂತ ಚೆಂದದ ವಸ್ತು ಲೋಕದಲ್ಲಿಲ್ಲ ಅನ್ನಿಸಿತು.

"ಕಟ್ಟಡದ ಸೀಲು ಮುಂದುವರಿಯಲಿ," ಎಂದರು ನ್ಯಾಯಾಧೀಶೆ. "ಕೆಡವುವ ಯಂತ್ರ ಇವತ್ತೇ ಅಲ್ಲಿಂದ ಹೊರಡಬೇಕು. ಇನ್ನು ಇದು ಅಪಘಾತದ ಪ್ರಕರಣ ಅಲ್ಲ. ಕೊಲೆ ಅಂತ ತನಿಖೆ ನಡೀಲಿ."

ವಕೀಲ ಎಲ್ಲರೂ ಸುಮ್ಮನಾಗುವವರೆಗೆ ಕಾದ. ಆಮೇಲೆ, ಸೋತ ಆಟದಲ್ಲಿ ಒಂದು ಕಾಯಿ ಮಿಕ್ಕವನಂತೆ, ಬಾಯಿ ತೆರೆದ.

"ಒಂದು ಅರಿಕೆ. ಆ ಬೀಗಕ್ಕೆ ನನ್ನ ಕಕ್ಷಿದಾರರ ಹತ್ತಿರ ಇದ್ದದ್ದು ಒಂದೇ ಕೀಲಿಕೈ. ಅದು ಮೊದಲ ದಿನದಿಂದ ಪೊಲೀಸರ ವಶದಲ್ಲಿದೆ. ಮುರಿದಿಲ್ಲ. ಹೌದಾ ಇನ್‌ಸ್ಪೆಕ್ಟರ್?"

ಹೌದು. ಅವಳೇ ಅದಕ್ಕೆ ಚೀಟಿ ಕಟ್ಟಿದ್ದಳು.

"ಹೌದು," ಎಂದಳು.

"ಅಂದ್ರೆ ಈ ಮುರಿದ ಕೀಲಿಕೈ ಇನ್ನೊಂದು! ಬೇರೆ ಯಾರದೋ! ನನ್ನ ಕಕ್ಷಿದಾರರಿಗೆ ವಯಸ್ಸಾಗಿದೆ, ಎದೆನೋವಿದೆ. ಪೊಲೀಸರೇ ತಂದ ಸಾಕ್ಷ್ಯದ ಆಧಾರದ ಮೇಲೆ ಜಾಮೀನು ಕೇಳ್ತೀನಿ."

ನ್ಯಾಯಾಧೀಶೆ ಮತ್ತೆ ಟಾರ್ಚು ಹಾಕಿ ಕಂಡಿಯನ್ನು ನೋಡಿದರು. "ಕೀಲಿಕೈಗೆ ಅರದಿಂದ ಉಜ್ಜಿದ ಗೀರು ಇನ್ನೂ ಹರಿತವಾಗಿದೆ. ಹೊಸದಾಗಿ ಮಾಡಿಸಿದ ನಕಲು," ಎಂದು ಮೆಲ್ಲಗೆ ನುಡಿದರು. ಆಮೇಲೆ ನೆಟ್ಟಗೆ ನಿಂತರು. "ವಾದದಲ್ಲಿ ಹುರುಳಿದೆ. ಪ್ರಕರಣದಿಂದ ಬಿಡುಗಡೆ ಇಲ್ಲ. ಆದ್ರೆ ಒಬ್ಬ ಜಾಮೀನುದಾರರ ಮೇಲೆ, ಊರು ಬಿಟ್ಟು ಹೋಗಬಾರದು ಅನ್ನೋ ಷರತ್ತಿನ ಮೇಲೆ, ಮನೆಗೆ ಹೋಗಬಹುದು. ಜಾಮೀನು ಯಾರು ಕೊಡ್ತೀರಿ?"

"ನಾನು, ಸ್ವಾಮಿ." ಅಳಿಯ ಮುಂದೆ ಬಂದ. ಜೇಬಿನಿಂದ ಪೆನ್ನು ಆಗಲೇ ಹೊರಗೆ ಬಂದಿತ್ತು. ಅಚ್ಚುಕಟ್ಟಾಗಿ ಸಹಿ ಮಾಡಿ, ಕಾಗದವನ್ನು ಮಾವನ ಮುಂದೆ ಹಿಡಿದು, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ. "ಬನ್ನಿ ಮಾವ. ಕಾರು ಇಲ್ಲೇ ಇದೆ. ಮನೇಲಿ ಆರಾಮಾಗಿ ಮಲಗಿ. ನಾನು ನೋಡ್ಕೋತೀನಿ."

ಯಜಮಾನ ಕಾಗದ ನೋಡಲಿಲ್ಲ. ಅವನ ಕಣ್ಣು ಕೀಲಿಕಂಡಿಯ ಮೇಲಿತ್ತು. ನಕಲು ಎಂಬ ಮಾತು ಬಿದ್ದ ಗಳಿಗೆಯಿಂದ ಅದು ಅಲ್ಲಿಂದ ಕದಲಿರಲಿಲ್ಲ. ಎಷ್ಟೋ ದಿನಗಳ ಗತ್ತು ಅವನ ಮುಖದಿಂದ ಸುಣ್ಣ ಉದುರಿದಂತೆ ಉದುರುವುದನ್ನು ಇನ್‌ಸ್ಪೆಕ್ಟರ್ ಕಂಡಳು. ಸೋತವನ ಮುಖವನ್ನು ಅವಳು ಬಲ್ಲಳು. ಇದು ಸೋತ ಮುಖವಲ್ಲ. ಹೆದರಿದ ಮುಖ.

"ಮಾವ?" ಎಂದ ಅಳಿಯ, ಇನ್ನೂ ಮೆದುವಾಗಿ. ಪೆನ್ನನ್ನು ಅವನ ಬೆರಳುಗಳ ನಡುವೆ ಇಟ್ಟ.

ಯಜಮಾನ ಬೆರಳು ಬಿಡಿಸಿದ. ಪೆನ್ನು ಕೆಳಗೆ ಬಿತ್ತು. ಅವನು ಅಳಿಯನ ಕಡೆ ತಿರುಗದೆ, ನೇರ ಇನ್‌ಸ್ಪೆಕ್ಟರಿನ ಕಡೆಗೆ ನಡೆದು ಬಂದು, ಬೇಡಿಗೆಂದು ಎರಡೂ ಕೈ ಮುಂದೆ ಚಾಚಿದ.

"ಜಾಮೀನು ನಂಗೆ ಬೇಡ," ಎಂದ. "ನನ್ನ ಕೀಲಿಕೈ ಮನೇಲಿ ಒಬ್ಬನ ಕೈಗೆ ಮಾತ್ರ ಸಿಕ್ತಿತ್ತು. ನಾನು ಮನೆಗೆ ಹೋಗಲ್ಲ."